ಕುಮುದಾಳ ಹೆಸರಿನ ತಟ್ಟೆ

ಹುಡುಗಿಯ ಮೈಯ ಕೋಶದಲ್ಲಿ ವೈ ವರ್ಣತಂತು ಇರುವುದಿಲ್ಲ. ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಆ ಮಂಗಳವಾರ ಬೆಳಿಗ್ಗೆ ಅನಸೂಯಾ ಹಂಚಿನಮನಿಯ ಕಂಪ್ಯೂಟರಿನಲ್ಲಿ ತೆರೆದುಕೊಂಡ ವರದಿ ಬೇರೆಯೇ ಹೇಳುತ್ತಿತ್ತು. ಐದು ವರ್ಷದ ಕುಮುದಾ ಬಡಿಗೇರಳ ಚರ್ಮದಿಂದ ಬೆಳೆಸಿದ ಕೋಶಗಳಲ್ಲಿ ಒಂದು ಎಕ್ಸ್ ಇದೆ, ಒಂದು ವೈ ಇದೆ.

ಪರೀಕ್ಷೆ ಮಾಡಿದವರೇ ತಪ್ಪಿರಬೇಕು ಎಂದುಕೊಂಡಳು ಅನಸೂಯಾ. ವರದಿಯನ್ನು ಇನ್ನೊಮ್ಮೆ ಓದಿದಳು. ಮೂರನೆಯ ಸಲ ಓದುವಾಗ ಎಂಟು ತಿಂಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಕೈಯಲ್ಲಿ ಸ್ಪಿರಿಟ್ಟಿನ ಹತ್ತಿ, ಮುಂದೆ ಎರಡು ತಟ್ಟೆ, ಎರಡರ ಮುಚ್ಚಳದ ಮೇಲೂ ಕಲಸಿಹೋದ ನೀಲಿ ಶಾಯಿ. ಅವಳು ಎದ್ದುಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕೂತಳು.

ಧಾರವಾಡದ ಹೊರವಲಯದಲ್ಲಿದ್ದ ಆ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದುದು ಮನುಷ್ಯರ ಪ್ರೋಟೀನು. ತಯಾರಿಸುತ್ತಿದ್ದುದು ಮಾತ್ರ ಬ್ಯಾಕ್ಟೀರಿಯಾ. ಮನುಷ್ಯನ ಒಂದು ವಂಶವಾಹಿಯನ್ನು ಬ್ಯಾಕ್ಟೀರಿಯಾದ ಒಳಗೆ ಸೇರಿಸಿ, ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಬೆಳೆಸಿ, ಒಡೆದು, ಸೋಸಿ, ಕೊನೆಗೆ ಉಳಿದ ಪ್ರೋಟೀನನ್ನು ಕಿರುಬೆರಳಿನಷ್ಟು ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿ ಇಡುತ್ತಿದ್ದರು. ಪ್ರತಿ ಕೊಳವೆಯ ಮೇಲೂ ಒಂದೇ ಬರಹ: ‘ಪ್ರಯೋಗಾಲಯದ ಸಂಶೋಧನೆಗೆ ಮಾತ್ರ. ಮನುಷ್ಯರ ಮೇಲೆ ಬಳಸಬಾರದು.’

ನಾವು ಮೂಗಿನಿಂದ ಎಳೆದುಕೊಳ್ಳುವ ಗಾಳಿ ಕೋಶದ ಬಾಗಿಲಿಗೆ ಮುಟ್ಟಿದರೆ ಉಸಿರಾಟ ಮುಗಿಯಿತು ಎಂದಲ್ಲ. ನಿಜವಾದ ಉಸಿರಾಟ ನಡೆಯುವುದು ಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ. ಅದರ ಒಳಗೋಡೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳು ಎಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಕೊನೆಯದು ಅದನ್ನು ಆಮ್ಲಜನಕದ ಕೈಗೆ ಕೊಡುತ್ತದೆ. ಮೈಗೆ ಬೇಕಾದ ಕಸುವು ಹುಟ್ಟುವುದು ಅಲ್ಲಿ. ಕುಮುದಾಳ ಮೈಯಲ್ಲಿ ಆ ಸಾಲಿನ ಒಂದು ಪ್ರೋಟೀನು ಸೊಟ್ಟಗೆ ತಯಾರಾಗುತ್ತಿತ್ತು. ಒಂದು ವರ್ಷಕ್ಕೆ ನಡೆಯಲು ಕಲಿತ ಮಗು ಎರಡೂವರೆಗೆ ನಡೆಯುವುದನ್ನು ಬಿಟ್ಟಿತು. ಪ್ರತಿ ಜ್ವರವೂ ಅವಳಿಂದ ಏನಾದರೊಂದನ್ನು ಕಿತ್ತುಕೊಂಡು ಹೋಗುತ್ತಿತ್ತು. ಮೊದಲು ಕಾಲಿನ ಬಲ ಹೋಯಿತು, ಆಮೇಲೆ ಕತ್ತಿನದು, ಆಮೇಲೆ ಅರ್ಧ ಮಾತು. ತಂದೆ ತಾಯಿ ಇಬ್ಬರಲ್ಲೂ ಆ ವಂಶವಾಹಿಯ ಒಂದು ಪ್ರತಿ ಕೆಟ್ಟಿತ್ತು, ಇನ್ನೊಂದು ಚೆನ್ನಾಗಿತ್ತು. ಹಾಗಾಗಿ ಅವರಿಗೆ ಏನೂ ಆಗಿರಲಿಲ್ಲ. ಮಗಳಿಗೆ ಇಬ್ಬರಿಂದಲೂ ಕೆಟ್ಟದ್ದೇ ಬಂದಿತ್ತು.

ಆ ಪ್ರೋಟೀನನ್ನು ಮಾಡುವುದು ಹೊಸತೇನಲ್ಲ. ಅನಸೂಯಾ ಮಾಡಿದ ಹೊಸತು, ಅದಕ್ಕೊಂದು ಬಾಲ ಹೊಲಿದದ್ದು. ಆ ಬಾಲ ಪ್ರೋಟೀನನ್ನು ಕೋಶದ ಗೋಡೆ ದಾಟಿಸಿ, ಮೈಟೊಕಾಂಡ್ರಿಯಾದ ಎರಡು ಗೋಡೆಗಳನ್ನೂ ದಾಟಿಸಿ ಒಳಗೆ ಬಿಟ್ಟು ತಾನು ಕಳಚಿಕೊಳ್ಳುತ್ತಿತ್ತು. ಹೊರಗೆ ಮಾಡಿದ ಪ್ರೋಟೀನು ಒಳಗೆ ಹೋಗಿ ಕೆಟ್ಟದ್ದರ ಜಾಗದಲ್ಲಿ ನಿಂತರೆ ನಿಂತುಹೋದ ಕೋಶ ಮತ್ತೆ ಉಸಿರಾಡೀತೇ? ಅದನ್ನು ತೋರಿಸಲೆಂದೇ ಕುಮುದಾಳ ತೋಳಿನಿಂದ ಬೇಳೆಯಷ್ಟು ಚರ್ಮ ತೆಗೆದಿದ್ದರು. ಹೋಲಿಸಿ ನೋಡಲು ಅವಳ ಅಪ್ಪ ಮೌನೇಶನ ತೋಳಿನಿಂದಲೂ ಅಷ್ಟೇ ತೆಗೆದಿದ್ದರು.

ಪ್ರೋಟೀನು ಹಾಕುವ ಮೊದಲಿನ ಅಳತೆ ಸರಿಯಾಗಿಯೇ ನಡೆದಿತ್ತು. ಅಪ್ಪನ ಕೋಶ ಚೆನ್ನಾಗಿ ಉಸಿರಾಡುತ್ತಿತ್ತು, ಮಗಳದು ಕುಂಟುತ್ತಿತ್ತು. ವಾರ ಬಿಟ್ಟು ತಟ್ಟೆಗಳನ್ನು ಒರೆಸುವಾಗ ಮುಚ್ಚಳದ ಹೆಸರುಗಳು ಅಳಿಸಿದವು. ಎಡಗಡೆಯದು ಮಗಳದು ಎಂಬ ನೆನಪಿನ ಮೇಲೆ ಅನಸೂಯಾ ಒಂದಕ್ಕೆ ‘ಕು’, ಇನ್ನೊಂದಕ್ಕೆ ‘ಮೌ’ ಎಂದು ಬರೆದಳು. ‘ಕು’ ತಟ್ಟೆಗೆ ಮೊದಲೇ ಪ್ರೋಟೀನು ಹಾಕಿ, ಆಮೇಲೆ ಉಸಿರಳೆಯುವ ಯಂತ್ರಕ್ಕಿಟ್ಟಳು. ಅಪ್ಪನದಕ್ಕೂ ಹಾಕಿ ಅಳೆಯಬೇಕಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಗೆರೆ ಏರತೊಡಗಿತು, ಎಲ್ಲರೂ ಓಡಿಬಂದರು, ಅಪ್ಪನ ತಟ್ಟೆ ಯಾರಿಗೂ ನೆನಪಾಗಲಿಲ್ಲ. ಆಮೇಲೆ ಮೂರು ಸಲ ಪ್ರಯೋಗ ನಡೆಯಿತು. ಮೂರೂ ಸಲ ಅದೇ ‘ಕು’ ತಟ್ಟೆಯ ಕೋಶಗಳು.

ಮೂರನೆಯ ಸಲ ಮೌನೇಶನೂ ಅಲ್ಲಿದ್ದ. ಬಾಗಿಲ ಚೌಕಟ್ಟು, ಮಂಚ ಮಾಡುವ ಬಡಗಿ ಅವನು, ಮೂವತ್ತನಾಲ್ಕರ ವಯಸ್ಸು. ಪರದೆಯ ಮೇಲೆ ಏರುವ ಗೆರೆಯನ್ನು ಕಣ್ಣು ಮಿಟುಕಿಸದೆ ನೋಡಿದ.

“ಅಕ್ಕಾರ, ಅದು ನನ್ನ ಮಗಳು ಉಸರಾಡೂದೇನ್ರಿ?”

“ಹೌದ್ರಿ. ನಿಮ್ಮ ಮಗಳ ಕೋಶ.”

ಅವನು ಪರದೆಗೆ ಕೈಮುಗಿದ. ಅನಸೂಯಾಳ ಕಣ್ಣಲ್ಲೂ ನೀರು ಬಂದಿತ್ತು. ಆ ಗೆರೆ ಪ್ರೋಟೀನಿನ ಮಾಹಿತಿಪತ್ರದ ಮೊದಲ ಪುಟದಲ್ಲಿ ಅಚ್ಚಾಗಿ ಅರವತ್ತು ಪ್ರಯೋಗಾಲಯಗಳಿಗೆ ಹೋಯಿತು. ಈಗ ಒಂದು ಪತ್ರಿಕೆ, ಲೇಖನ ಅಚ್ಚು ಹಾಕುವ ಮೊದಲು, ಕೋಶಗಳು ಯಾರವೆಂದು ಖಾತ್ರಿಪಡಿಸುವ ವರದಿ ಕೇಳಿತ್ತು. ಇಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ.

ಅನಸೂಯಾ ವರದಿಯನ್ನು ಮುಚ್ಚಿದಳು. ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಹೇಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ವಿಜ್ಞಾನಿಯಾದವಳು ಹೇಳಿಕೊಳ್ಳಬೇಕಾದ ಮಾತೇ ಅದು. ಅಷ್ಟು ಸರಿಯಾದ ಮಾತಿನ ಹಿಂದೆ ಹೇಡಿತನವೂ ಅಡಗಿ ಕೂರಬಹುದೆಂದು ಆಗ ಹೊಳೆಯಲಿಲ್ಲ. ದ್ರವ ಸಾರಜನಕದ ಡಬ್ಬದಿಂದ, ‘ಮೌ’ ತಟ್ಟೆಯ ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದ ಕೊಳವೆಯನ್ನು ತೆಗೆದು, ಅವನ್ನು ಬೆಳೆಯಲು ಇಟ್ಟಳು.

ಶುಕ್ರವಾರ ಮೌನೇಶ ಬಂದ. ಕೈಯಲ್ಲಿ ಕರ್ಜಿಕಾಯಿಯ ಡಬ್ಬಿ.

“ಶಿವಲೀಲಾ ಕೊಟ್ಟಾಳ್ರಿ ಅಕ್ಕಾರ. ಆಕಿಗೀಗ ಮೂರು ತಿಂಗಳು.” ಹೇಳುವಾಗ ಅವನ ಮುಖ ಅರಳಿತು, ಕೂಡಲೇ ಸ್ವಲ್ಪ ಬಾಡಿತು. “ಡಾಕ್ಟರಬಾಯಿ ಅಂದ್ರು, ಈ ವಾರದಾಗ ಒಂದು ಟೆಸ್ಟ್ ಮಾಡಸ್ರಿ, ಈ ಕೂಸಿಗೂ ಅದ ರೋಗ ಐತೇನು ತಿಳೀತೈತಿ ಅಂತ. ಆಕಿ ಹೆದರ್ಯಾಳ. ಹೊಟ್ಟಿಗೆ ಸೂಜಿ ಹಾಕಿದ್ರ ಕೂಸಿಗೆ ಏನರೆ ಆದೀತಂತ. ನಾನ ಅಂದೆ, ಬ್ಯಾಡ ಬಿಡು, ಅಕ್ಕಾರು ಔಷಧ ಮಾಡ್ಯಾರ, ನಾ ಕಣ್ಣಾರೆ ನೋಡೇನಿ.”

“ಅದು ಇನ್ನೂ ಔಷಧ ಅಲ್ರಿ ಮೌನೇಶ.”

“ಗೊತ್ತೈತ್ರಿ. ಐದಾರು ವರ್ಷ ಬೇಕಂತ ನೀವ ಹೇಳಿದ್ರಿ. ಈ ಕೂಸು ಸಾಲಿಗೆ ಹೋಗೂದ್ರಾಗ ಬಂದಿರತೈತಿ. ಕುಮುದಾಗ ಆಗಲಿಲ್ಲ ಅಂದ್ರೂ ಇದಕ್ಕರೆ ಆತು.”

ಆಗ ಹೇಳಬಹುದಿತ್ತು. ಅವಳ ಬಾಯಿಯವರೆಗೂ ಬಂದಿತ್ತು. ಅವನ ಕಣ್ಣು ನೋಡಿದಳು, ತನ್ನ ಮೇಜಿನ ಮೇಲಿನ ಡಬ್ಬಿ ನೋಡಿದಳು.

“ಒಳ್ಳೇದಾತ್ರಿ,” ಎಂದಳು.

ಮುಂದೆ ಎಷ್ಟೋ ವರ್ಷಗಳ ತನಕ, ಅಳಿಸಿಹೋದ ಶಾಯಿಯನ್ನಾಗಲಿ ತಪ್ಪು ಅಕ್ಷರವನ್ನಾಗಲಿ ನೆನೆದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕೈತಪ್ಪು ಯಾರಿಗೂ ಆದೀತು. ಆದರೆ ಆ ಒಂದು ಮಾತನ್ನು ಯಾವ ಕೈತಪ್ಪಿನ ಲೆಕ್ಕಕ್ಕೂ ಹಾಕಲು ಆಗುತ್ತಿರಲಿಲ್ಲ.

ಮರುದಿನ ಮನೆಯಲ್ಲಿ ಅವಳ ಮಗಳು ಮೈಥಿಲಿ, ಒಂಬತ್ತನೇ ತರಗತಿಯವಳು, ಊಟದ ಮೇಜಿನ ಮೇಲೆ ಬಿಳಿಯ ರಟ್ಟು ಹಾಸಿಕೊಂಡು ಕೂತಿದ್ದಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಮ್ಮನ ಪ್ರೋಟೀನಿನ ವಿಷಯವನ್ನೇ ಆರಿಸಿಕೊಂಡಿದ್ದಳು. ಮಾಹಿತಿಪತ್ರದ ಗೆರೆಗಳನ್ನು ಸ್ಕೆಚ್ ಪೆನ್ನಿನಲ್ಲಿ ದೊಡ್ಡದು ಮಾಡಿ ಬಿಡಿಸುತ್ತಿದ್ದವಳು ನಡುವೆ ತಲೆಯೆತ್ತಿದಳು.

“ಅವ್ವಾ, ಇದು ಮಗಳ ಕೋಶ, ಪ್ರೋಟೀನ್ ಇಲ್ಲದ್ದು. ಇದು ಮಗಳದ, ಪ್ರೋಟೀನ್ ಹಾಕಿದ್ದು. ಇದು ಅಪ್ಪಂದು, ಪ್ರೋಟೀನ್ ಇಲ್ಲದ್ದು. ಅಪ್ಪಂದಕ್ಕ ಹಾಕಿದ ಗೆರಿ ಎಲ್ಲಿ ಅದ?”

ಅನಸೂಯಾ ಒಲೆಯ ಕಡೆ ತಿರುಗಿದ್ದಳು. ತಿರುಗಿಯೇ ಇದ್ದಳು.

“ಅದನ್ನ ಅಳೀಲಿಲ್ಲ.”

“ಯಾಕ? ನಮ್ಮ ಟೀಚರ್ ಕೇಳ್ತಾರ. ಹೋಲಿಸಿ ನೋಡ್ಲಿಕ್ಕೆ ಅದೂ ಬೇಕು ಅಂತಾರ.”

“ಮರತೆ.”

“ನೀನ? ಮರತಿ?” ಮೈಥಿಲಿ ನಕ್ಕಳು. ಅಮ್ಮ ಏನನ್ನೂ ಮರೆಯುವವಳಲ್ಲ ಎಂಬ ಹೆಮ್ಮೆ ಆ ನಗೆಯಲ್ಲಿತ್ತು. ಅನಸೂಯಾ ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದಳು. ಊಟಕ್ಕೆ ಕೂತಾಗ ಇಬ್ಬರೂ ಅದನ್ನು ಬಾಯಿಗಿಡಲಾಗದೆ ಮೊಸರನ್ನ ತಿಂದರು.

ಬೆಳೆಯಲು ಇಟ್ಟ ಕೋಶಗಳು ತಟ್ಟೆ ತುಂಬಲು ಹದಿನೇಳು ದಿನ ಹಿಡಿದವು. ಅವು ನಿಧಾನವಾಗಿ ಬೆಳೆಯುತ್ತಿದ್ದವು, ಅದನ್ನು ನೋಡಿಯೇ ಅವು ಯಾರವೆಂದು ಅವಳಿಗೆ ತಿಳಿದಿತ್ತು. ಆದರೂ ಕಾದಳು. ಕಾಯುವ ಪ್ರತಿ ದಿನವೂ ಶಿವಲೀಲಾಳ ಹೊಟ್ಟೆಯ ವಾರಗಳನ್ನು ಬೆರಳಲ್ಲಿ ಎಣಿಸಿದಳು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಕೊನೆಗೆ ಕೋಶಗಳನ್ನು ಉಸಿರಳೆಯುವ ಯಂತ್ರದ ಗಾಜಿನ ಕೋಣೆಗೆ ಹಾಕಿದಳು. ಗೆರೆ ನೆಲಮಟ್ಟದಲ್ಲಿ ಹರಿಯಿತು. ಪ್ರೋಟೀನು ಹಾಕಿದಳು. ಹತ್ತು ನಿಮಿಷ, ಇಪ್ಪತ್ತು, ಒಂದು ಗಂಟೆ. ಗೆರೆ ಏರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಳೆಯುವ ಹಸಿರು ಬಣ್ಣ ಕಟ್ಟಿದ್ದ ಪ್ರೋಟೀನು ಒಳಗೆ ಹೋಗಿತ್ತು, ಬಾಲ ತನ್ನ ಕೆಲಸ ಮಾಡಿತ್ತು, ಮೈಟೊಕಾಂಡ್ರಿಯಾಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಆದರೆ ಸೊಟ್ಟ ಪ್ರೋಟೀನು ತನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ. ಹೊಸತು ಒಳಗೆ ಬಂದೂ ಹೊರಗಿನದಾಗಿಯೇ ನಿಂತಿತ್ತು. ಇನ್ನೊಂದು ತಟ್ಟೆಯ ಮೇಲೆ ಮಾಡಿದಳು, ಮತ್ತೊಂದರ ಮೇಲೂ ಮಾಡಿದಳು. ಎಲ್ಲ ಕಡೆ ಅದೇ ಗೆರೆ.

ಮಾರನೆಯ ದಿನ ಸಂಸ್ಥೆಯ ಮುಖ್ಯಸ್ಥ ಇನಾಮತಿಯವರ ಮುಂದೆ ನಾಲ್ಕು ಹಾಳೆ ಇಟ್ಟಳು. ಅವರು ಓದಿ ಕನ್ನಡಕ ತೆಗೆದರು. ಕೂಗಾಡುವ ಮನುಷ್ಯರಲ್ಲ.

“ಈ ವರದಿ ಬಂದು ಎಷ್ಟು ದಿನ ಆತು?”

“ಇಪ್ಪತ್ತೊಂದು ದಿನ ಸರ್.”

“ನನಗ ಯಾಕ ಹೇಳ್ಲಿಲ್ಲ?”

ಇನಾಮತಿ ಕಿಟಕಿಯ ಹೊರಗೆ ನೋಡಿದರು.

“ಎಲ್ಲಾ ಪ್ರಯೋಗಾಲಯಕ್ಕೂ ಬರೀಬೇಕು, ಅದನ್ನ ತಪ್ಪಿಸ್ಲಿಕ್ಕೆ ಆಗೂದಿಲ್ಲ. ಪತ್ರದ ಮಾತು ಮಾತ್ರ ನೋಡಿ ಬರೀಬೇಕು. ವಕೀಲರಿಗೆ ಒಮ್ಮೆ ತೋರಸೂಣು. ತಿಂಗಳೊಪ್ಪತ್ತು ಹಿಡೀಬಹುದು.”

“ಬಡಿಗೇರ ಅವರ ಮನಿಯವರಿಗೆ?”

“ಅವರಿಗೂ ಆವಾಗ. ಅನಸೂಯಾ, ನಾವು ಅವರಿಗೆ ಔಷಧ ಅಂತ ಎಂದೂ ಹೇಳಿಲ್ಲ. ಕೊಳವಿ ಮ್ಯಾಲೆ ಬರದದ.”

“ಆಕಿ ಬಸರದಾಳ ಸರ್. ನಾವು ತೋರ್ಸಿದ ಗೆರಿ ನಂಬಿ ಟೆಸ್ಟ್ ಬಿಟ್ಟಾರ. ತಿಂಗಳ ಬಿಟ್ಟು ಹೇಳಿದ್ರ ಟೆಸ್ಟಿನ ಕಾಲನೂ ದಾಟಿರತದ.”

ಇನಾಮತಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಹಂಗಾದ್ರ ನೀವು ಹೋಗಬೇಕಾಗಿದ್ದು ಇವತ್ತಲ್ಲ,” ಎಂದರು. “ಹೋಗ್ರಿ. ವಕೀಲರ ಮಾತು ನಾ ನೋಡ್ಕೋತೀನಿ.”

ಅವತ್ತೂ ಹೋಗಲಿಲ್ಲ ಅನಸೂಯಾ. ಹೇಗೆ ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದಳು, ಹರಿದಳು, ಮತ್ತೆ ಬರೆದಳು. ಹೊರಟದ್ದು ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ.

ಬಡಿಗೇರರ ಮನೆಯ ಮುಂದಿನ ಪಡಸಾಲೆಯೇ ಮೌನೇಶನ ಕೆಲಸದ ಜಾಗ. ನೆಲದ ತುಂಬ ಸಾಗುವಾನಿಯ ಹೊಟ್ಟು. ಒಳಗೆ ಶಿವಲೀಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೆ ಇನ್ನೂರು ರೊಟ್ಟಿ ಎರಡು ಖಾನಾವಳಿಗೆ ಹೋಗುತ್ತಿದ್ದವು. ಅವಳ ಪಕ್ಕದಲ್ಲಿ, ಅಪ್ಪ ಮಾಡಿಕೊಟ್ಟ ಬೆನ್ನಾನಿಕೆಯ ಮರದ ಕುರ್ಚಿಯಲ್ಲಿ, ಎದೆಗೆ ಬಟ್ಟೆಯ ಪಟ್ಟಿ ಬಿಗಿದುಕೊಂಡು ಕುಮುದಾ ಕೂತಿದ್ದಳು. ಅನಸೂಯಾಳನ್ನು ಕಂಡು ಅವಳ ತುಟಿಯ ಒಂದು ತುದಿ ಮೇಲೆದ್ದಿತು.

“ಬರ್ರಿ ಅಕ್ಕಾರ, ಬರ್ರಿ. ಚಾ ಇಡತೇನಿ,” ಎಂದಳು ಶಿವಲೀಲಾ.

“ಚಾ ಬ್ಯಾಡ್ರಿ. ಮೌನೇಶರನ್ನೂ ಕರೀರಿ. ನಾ ಒಂದು ಮಾತು ಹೇಳಬೇಕು.”

ಮೌನೇಶ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಅನಸೂಯಾ ಬರೆದು ತಂದ ಹಾಳೆಯನ್ನು ತೆಗೆಯಲಿಲ್ಲ. ತಟ್ಟೆಗಳು ಅದಲುಬದಲಾದದ್ದು, ಹುಡುಗಿಯ ಹೆಸರಿನ ತಟ್ಟೆಯಲ್ಲಿ ಪ್ರೋಟೀನಿಲ್ಲದೆಯೂ ಚೆನ್ನಾಗಿ ಉಸಿರಾಡುವ ಗಂಡಸಿನ ಕೋಶ ಸಿಕ್ಕಿದ್ದು, ನಿಜವಾದ ಕೋಶಗಳ ಮೇಲೆ ಪ್ರೋಟೀನು ಏನೂ ಮಾಡದೇ ಹೋದದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದಂತೆ ರೊಟ್ಟಿಯ ಸದ್ದು ನಿಧಾನವಾಗಿ ನಿಂತಿತು.

ಮೌನೇಶ ಅರ್ಥವಾಗದವನ ಹಾಗೆ ನಿಂತಿದ್ದ. “ಹಂಗಾದ್ರ ಅವತ್ತು ನಾ ನೋಡಿದ್ದು?”

“ನಿಮ್ಮದು. ನಿಮ್ಮ ಕೋಶ.”

ಅವನು ತನ್ನ ತೋಳನ್ನು, ಚರ್ಮ ತೆಗೆದ ಕಡೆ ಉಳಿದಿದ್ದ ಸಣ್ಣ ಕಲೆಯನ್ನು ನೋಡಿಕೊಂಡ. “ನನಗ ನಾನ ಕೈ ಮುಗದೆ,” ಎಂದ. ನಗಲು ಹೋಗಿ ಅವನ ಮುಖ ಕೆಟ್ಟಿತು. ಪಡಸಾಲೆಗೆ ಹೋಗಿಬಿಟ್ಟ. ಉಳಿ ಎತ್ತಿದ ಸದ್ದು ಕೇಳಿಸಿತು, ಮರಕ್ಕೆ ತಾಕಿದ ಸದ್ದು ಕೇಳಿಸಲಿಲ್ಲ.

ಶಿವಲೀಲಾ ತವೆಯ ಮೇಲಿನ ರೊಟ್ಟಿಯನ್ನು ತೆಗೆದಿಟ್ಟಳು. ಕೈಯ ಹಿಟ್ಟನ್ನು ಕೊಡವಿದಳು. ತಪ್ಪು ಹೇಗಾಯಿತು ಎಂದು ಅವಳು ಕೇಳಲಿಲ್ಲ.

“ಇದು ನಿಮಗ ಗೊತ್ತಾಗಿ ಎಷ್ಟ ದಿನ ಆತ್ರಿ?”

“ಇಪ್ಪತ್ತಮೂರು ದಿನ.”

“ಇವರು ಕರ್ಜಿಕಾಯಿ ತಂದಾಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

ಶಿವಲೀಲಾ ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಅನಸೂಯಾ ಕಾದಳು, ಬೈದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

“ನಿನ್ನೆ ಅಲಗ್ಯಾಡ್ತ್ರಿ,” ಎಂದಳು ಶಿವಲೀಲಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೊಟ್ಟ್ಯಾಗ. ಮೀನು ಹೊಳ್ಳಿದಂಗ. ನೀವು ಅವತ್ತ ಹೇಳಿದ್ರ, ಟೆಸ್ಟ್ ಆಗಿ ಹಿಂಗೋ ಹಂಗೋ ಏನರೆ ಒಂದು ಆಗಿರ್ತಿತ್ತು. ಆವಾಗ ಇದಕ್ಕಿನ್ನೂ ಅಲಗ್ಯಾಡಾಕ ಬರತಿದ್ದಿಲ್ಲ.”

ಅನಸೂಯಾ ನೆಲ ನೋಡುತ್ತ ನಿಂತಳು. ಈಗಲೂ ಒಂದು ಟೆಸ್ಟಿಗೆ ಸಮಯವಿದೆ, ಹೊಟ್ಟೆಯ ನೀರು ತೆಗೆದು ನೋಡುತ್ತಾರೆ, ಡಾಕ್ಟರ ಹತ್ತಿರ ತಾನೂ ಬಂದು ಎಲ್ಲವನ್ನೂ ಹೇಳುತ್ತೇನೆ ಎಂದಳು.

“ನೀವು ಬರೂದು ಬ್ಯಾಡ್ರಿ. ಚೀಟಿ ಬರದು ಕೊಡ್ರಿ,” ಎಂದಳು ಶಿವಲೀಲಾ. ಮತ್ತೆ ಹಿಟ್ಟಿನ ಉಂಡೆ ಎತ್ತಿಕೊಂಡಳು. ಖಾನಾವಳಿಯವನು ಬರುವ ಹೊತ್ತಾಗಿತ್ತು.

ಪ್ರಯೋಗಾಲಯಗಳಿಗೆ ಹೋದ ಪತ್ರವನ್ನು ಅನಸೂಯಾ ತಾನೇ ಬರೆದಳು. ವಕೀಲರು ಹಾಕಿದ ‘ಗುರುತಿನಲ್ಲಿ ವ್ಯತ್ಯಾಸ ಕಂಡುಬಂದಿದೆ’ ಎಂಬ ಮಾತನ್ನು ಹೊಡೆದು, ‘ನಾನು ನೆನಪಿನ ಮೇಲೆ ಹೆಸರು ಬರೆದೆ, ಅದು ತಪ್ಪಾಗಿತ್ತು, ತಿಳಿದ ಮೇಲೂ ಇಪ್ಪತ್ತೊಂದು ದಿನ ಯಾರಿಗೂ ಹೇಳಲಿಲ್ಲ’ ಎಂದು ಬರೆದಳು. ಇನಾಮತಿ ಸಹಿ ಹಾಕಿದರು. ಬೈಗುಳದ ಉತ್ತರಗಳು ಬರುತ್ತವೆ ಎಂದುಕೊಂಡಿದ್ದಳು. ಬಂದವು ಬೇರೆ ಥರದವು. ನಮ್ಮಲ್ಲೂ ಗೆರೆ ಏರಿರಲಿಲ್ಲ, ನಮ್ಮ ಕೈಯದೇ ದೋಷ ಎಂದುಕೊಂಡು ಸುಮ್ಮನಿದ್ದೆವು ಎಂದು ಹನ್ನೊಂದು ಕಡೆಯಿಂದ ಬರೆದರು. ಒಬ್ಬ ಪ್ರಾಧ್ಯಾಪಕ, ಗೆರೆ ಏರಿಸಲಾಗಲಿಲ್ಲವೆಂದು ತನ್ನ ವಿದ್ಯಾರ್ಥಿನಿಯೊಬ್ಬಳನ್ನು ಆರು ತಿಂಗಳು ಬೈದೆನೆಂದೂ ಅವಳು ಸಂಶೋಧನೆಯನ್ನೇ ಬಿಟ್ಟು ಹೋದಳೆಂದೂ ಬರೆದಿದ್ದರು. ಅನಸೂಯಾ ಆ ಹುಡುಗಿಯ ವಿಳಾಸ ಕೇಳಿ ಪತ್ರ ಬರೆದಳು. ಉತ್ತರ ಬರಲಿಲ್ಲ. ಬರಬೇಕೆಂದು ಬಯಸಲೂ ಅವಳಿಗೆ ನಾಚಿಕೆಯಾಯಿತು.

ಮೈಥಿಲಿಗೂ ಹೇಳಿದಳು. ಹುಡುಗಿ ಬಿಡಿಸಿದ್ದ ರಟ್ಟನ್ನು ಗೋಡೆಗೆ ತಿರುಗಿಸಿಟ್ಟಳು, ಎರಡು ದಿನ ಅಮ್ಮನ ಜೊತೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ, “ನಾ ಕೇಳಿದಾಗರೆ ಹೇಳಬಹುದಿತ್ತಲ್ಲ,” ಎಂದಳು ಅಷ್ಟೆ.

ಟೆಸ್ಟಿನ ಫಲಿತಾಂಶ ಏನಾಯಿತೆಂದು ಅನಸೂಯಾ ಯಾರನ್ನೂ ಕೇಳಲಿಲ್ಲ. ದೀಪಾವಳಿ ಕಳೆದು ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಶಿವಲೀಲಾ ಒಬ್ಬಳೇ ಪ್ರಯೋಗಾಲಯಕ್ಕೆ ಬಂದಳು. ಹೊಟ್ಟೆ ತುಂಬ ಮುಂದೆ ಬಂದಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಅನಸೂಯಾ ಕುರ್ಚಿ ಎಳೆದಳು. ಅವಳು ಕೂರಲಿಲ್ಲ.

“ಇವರು ಬರೂದಿಲ್ಲಂದ್ರು. ನಿಮ್ಮ ಹೆಸರು ಎತ್ತಿದ್ರ ಎದ್ದು ಹೋಗತಾರ.”

“ಅದು ಸರೀನ ಅದ.”

“ಕೂಸು ಆರಾಮೈತಂತ. ನಮ್ಮಿಬ್ಬರಂಗ, ಒಂದು ಕೆಟ್ಟದ್ದು, ಒಂದು ಚಲೋದು.”

ಅನಸೂಯಾ ಮೇಜಿನ ಅಂಚು ಹಿಡಿದುಕೊಂಡಳು. ತನಗಾದ ಹಗುರವನ್ನು ಅವಳೆದುರು ತೋರಿಸಲೂ ನಾಚಿಕೆಯಾಯಿತು.

“ಅದು ನಮ್ಮ ನಸೀಬರಿ ಅಕ್ಕಾರ. ನಿಮ್ಮ ತಪ್ಪಿಗೆ ಮಾಫಿ ಅಂತ ತಿಳೀಬ್ಯಾಡ್ರಿ,” ಎಂದಳು ಶಿವಲೀಲಾ. “ರಿಪೋರ್ಟ್ ಬರಾಕ ಇಪ್ಪತ್ತು ದಿನ ಹಿಡೀತು. ಆ ಇಪ್ಪತ್ತು ದಿನ ನಾ ಹೊಟ್ಟಿ ಮ್ಯಾಲೆ ಕೈ ಇಡಲಿಲ್ಲ. ಕೈ ಇಟ್ರ ಅದನ್ನ ಮಾತಾಡಿಸಿದಂಗ ಆಗ್ತೈತಂತ. ಒಳಗ ಒದೀತಿತ್ತು, ನಾ ಸುಮ್ಮನ ರೊಟ್ಟಿ ಬಡೀತಿದ್ದೆ. ಅದನ್ನ ಯಾರಿಗೂ ಹೇಳಿಲ್ಲ, ಇವರಿಗೂ. ನಿಮಗ ಹೇಳೂಣಂತ ಬಂದೆ.”

ಕ್ಷಮಿಸಿ ಎಂಬ ಮಾತು ಅಲ್ಲಿ ತೀರ ಚಿಕ್ಕದಾಗಿತ್ತು.

“ಇನ್ನೊಂದು,” ಎಂದಳು ಶಿವಲೀಲಾ. “ಅವತ್ತು ಇವರು ನೋಡಿದ್ರಲ್ಲ, ಆ ಗೆರಿ. ನನ್ನ ಮಗಳದು ನಾ ನೋಡಿಲ್ಲ. ಖರೇದು ತೋರಸ್ರಿ.”

ಅನಸೂಯಾ ಹಳೆಯ ಅಳತೆಯನ್ನು ತೆರೆಯಲು ಹೋಗಿ ತಡೆದಳು. ಹೊಸ ತಟ್ಟೆ ತಂದಳು. ಹೆಸರನ್ನು ಶಿವಲೀಲಾಳಿಂದಲೇ ಓದಿಸಿದಳು, ಕೋಶಗಳನ್ನು ಗಾಜಿನ ಕೋಣೆಗೆ ಹಾಕಿ ಯಂತ್ರ ಶುರು ಮಾಡಿದಳು. ಪ್ರೋಟೀನು ಹಾಕಲಿಲ್ಲ. ಪರದೆಯ ಕೆಳ ಅಂಚಿನಲ್ಲಿ ಸಣ್ಣ ಗೆರೆಯೊಂದು, ಬೀಳುತ್ತದೋ ಎಂಬಂತೆ ನಡುಗುತ್ತ, ಬೀಳದೆ ಹರಿಯಿತು.

“ಇಷ್ಟೇನ್ರಿ?”

“ಇಷ್ಟ. ನಿಮ್ಮದರೆ ಇಲ್ಲೀತನಕ ಬರತದ.” ಅನಸೂಯಾ ಪರದೆಯ ಮೇಲ್ಭಾಗಕ್ಕೆ ಬೆರಳು ತೋರಿಸಿದಳು. ಹದಿನೈದು ವರ್ಷಗಳಿಂದ ಇಂಥ ಗೆರೆಗಳನ್ನು ನೋಡಿದ್ದಳು. ಅವನ್ನು ಎಷ್ಟು ಏರಿಸಬೇಕು ಎಂಬುದೊಂದೇ ಅವಳ ಲೆಕ್ಕವಾಗಿತ್ತು.

ಶಿವಲೀಲಾ ಕುರ್ಚಿಯ ಬೆನ್ನು ಹಿಡಿದು ಪರದೆಗೆ ಹತ್ತಿರ ಬಗ್ಗಿದಳು. ಬಹಳ ಹೊತ್ತು ನೋಡಿದಳು.

“ಇಷ್ಟರಾಗ ಆಕಿ ನಗತಾಳ,” ಎಂದಳು.